ಎರಡಕ್ಷರದ ಮೇಷ್ಟ್ರು

ಮೊದಲು ನನ್ನ ಹೆಸರಿನ ವಿಷಯ ಹೇಳಿಬಿಡುತ್ತೇನೆ. ಆ ಮೇಷ್ಟ್ರ ಕೈಯಲ್ಲಿ ನಾನು ಪಟ್ಟ ಪಾಡಿಗೆಲ್ಲ ಅದೇ ಮೂಲ. ನಾನು ಹೊನ್ನಮ್ಮ. ಹೊನ್ನಾಳಿಯ ನಮ್ಮ ಹೈಸ್ಕೂಲಿನಲ್ಲಿ ಹಾಜರಿ ಕರೆಯುವಾಗ ಮೊದಲು ಹುಡುಗರು, ಆಮೇಲೆ ಹುಡುಗಿಯರು, ಎರಡೂ ಅಕ್ಷರಮಾಲೆಯ ಕ್ರಮದಲ್ಲಿ. ಹೀಗಾಗಿ ಅಜ್ಜಪ್ಪನಿಂದ ಹೊರಟ ಮೆರವಣಿಗೆ ನನ್ನ ಹತ್ತಿರ ಬಂದು ನಿಲ್ಲುತ್ತಿತ್ತು. ಹಕಾರ ಆದ ಮೇಲೆ ಳಕಾರ ಅಂತ ಒಂದಿದೆ, ನಿಜ. ಆದರೆ ಊರಿನ ಹೆಸರಿನಲ್ಲೇ ಆ ಅಕ್ಷರ ಇದ್ದರೂ ಅದರಿಂದ ಶುರುವಾಗುವ ಹೆಸರನ್ನು ಮಗಳಿಗಿಟ್ಟ ಪುಣ್ಯಾತ್ಮರು ಹೊನ್ನಾಳಿಯಲ್ಲಿ ಯಾರೂ ಇರಲಿಲ್ಲ.

ಬೇರೆ ಪೀರಿಯಡ್ಡುಗಳಲ್ಲಿ ಇದರಿಂದ ನನಗೇನೂ ನಷ್ಟವಾಗಲಿಲ್ಲ. ‘ಪ್ರೆಸೆಂಟ್ ಸಾರ್’ ಅನ್ನುವುದನ್ನು ಮೊದಲು ಅಂದರೇನು, ಕೊನೆಗೆ ಅಂದರೇನು. ಹತ್ತನೇ ತರಗತಿಗೆ ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು ಮೊದಲ ದಿನವೇ ಆ ಮಾತನ್ನು ರದ್ದು ಮಾಡಿದರು.

“ಕಣ್ಣಿಗೆ ಕಾಣ್ತೀರಲ್ಲ, ಬಂದೀನಿ ಅಂತ ಬ್ಯಾರೆ ಯಾಕೆ ಹೇಳಬೇಕು? ಅದ್ರ ಬದ್ಲು ಉಪಯೋಗಕ್ಕೆ ಬರೋದು ಒಂದು ಹೇಳ್ರಿ” ಎಂದು ಬೋರ್ಡಿನ ಮೇಲೆ ಎರಡು ಇಂಗ್ಲಿಷ್ ಅಕ್ಷರ ಬರೆದರು. ಸಿ, ಎಚ್. ಹೆಸರು ಕರೆದಾಗ ಆ ಎರಡೂ ಅಕ್ಷರ ಅಕ್ಕಪಕ್ಕ ಬರುವ ಒಂದು ಪದ ಹೇಳಬೇಕು, ಅದರ ಅರ್ಥ ಹೇಳಬೇಕು, ಕೂರಬೇಕು. ಒಬ್ಬರು ಹೇಳಿದ ಪದವನ್ನು ಇನ್ನೊಬ್ಬರು ಹೇಳುವಂತಿಲ್ಲ. ಪದ ಸಿಗದವರು ಪಾಠ ಮುಗಿಯುವವರೆಗೆ ನಿಂತಿರಬೇಕು. “ಜೋಡೆತ್ತು ಹೂಡೀನಿ. ಉಳಾಕೆ ಶುರು ಮಾಡ್ರಿ” ಎಂದು ಕೈ ಕಟ್ಟಿ ನಿಂತರು.

ಅಜ್ಜಪ್ಪ ಎದ್ದು ‘ಚೇರ್, ಕುರ್ಚಿ’ ಎಂದು ಹೇಳಿ ಅದರ ಮೇಲೆಯೇ ಹಾಯಾಗಿ ಕೂತವನಂತೆ ಕೂತ. ಅವನ ನಂತರದವರು ಚಾಕು, ಚೈನು, ಚರ್ಚು, ಚೀಪು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರು. ಚಾಕು ಇಂಗ್ಲಿಷ್ ಅಲ್ಲ ಎಂದು ಆ ಹುಡುಗನನ್ನು ನಿಲ್ಲಿಸಿದ್ದಷ್ಟೇ ನನಗಾದ ಸಮಾಧಾನ. ನನ್ನ ಸರದಿ ಬರುವ ಹೊತ್ತಿಗೆ ಹೊಲ ಬೋಳಾಗಿತ್ತು. ನಾನು ನಿಂತೆ. ಮರುದಿನವೂ ನಿಂತೆ. ಅದರ ಮರುದಿನ ಹೇಗೂ ನಿಲ್ಲಬೇಕಲ್ಲ ಎಂದು ಕೂರಲೇ ಇಲ್ಲ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ಅಕ್ಕನ ಮದುವೆ ಗೊತ್ತಾಯಿತು. ನಾನು ಹೊನ್ನಾಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದವಳು, ಮದುವೆಯ ನೆಪದಲ್ಲಿ ಊರಿಗೆ ಹೋದವಳು ಚಪ್ಪರ ಬಿಚ್ಚುವವರೆಗೂ ಅಲ್ಲೇ ಉಳಿದೆ. ತಿರುಗಿ ಬಂದ ದಿನ ಬೋರ್ಡಿನ ಮೇಲೆ ಟಿ, ಎಚ್ ಇತ್ತು. ನಿಲ್ಲುವುದಕ್ಕೆ ಕಾಲು ಗಟ್ಟಿ ಮಾಡಿಕೊಂಡು ಕೂತಿದ್ದೆ. ಆದರೆ ವಿಚಿತ್ರ ನೋಡಿ, ಅಜ್ಜಪ್ಪ ‘ಅಥಾರಿಟಿ’ ಎಂದು ಏನೋ ಕಷ್ಟದ್ದು ಹೇಳಿದ. ದರ್ಜಿಯವರ ಮಗ ಮಹಬೂಬ್ ‘ಲೆಂಗ್ತ್, ಉದ್ದಳತೆ’ ಎಂದ. ಹೀಗೇ ಎಲ್ಲರೂ ತಿಣುಕಾಡಿ ತಿಣುಕಾಡಿ ಹೇಳಿ ಕೂತರು. ನನ್ನ ಸರದಿ ಬಂದಾಗ ‘ಮದರ್’ ಹಾಗೇ ಉಳಿದಿತ್ತು.

“ಮದರ್ ಸಾರ್. ಅವ್ವ.”

“ಕೂತ್ಕ” ಎಂದರು ಮೇಷ್ಟ್ರು.

ಅವತ್ತಿನಿಂದ ನನ್ನ ಅದೃಷ್ಟ ಖುಲಾಯಿಸಿತು. ಓ, ಯು ಕೊಟ್ಟ ದಿನ ‘ಹೌಸ್’ ಯಾರಿಗೂ ಹೊಳೆಯಲಿಲ್ಲ. ಡಬಲ್ ಇ ಕೊಟ್ಟ ದಿನ ‘ಟ್ರೀ’ ಯಾರಿಗೂ ಹೊಳೆಯಲಿಲ್ಲ. ಕಷ್ಟದ್ದನ್ನೆಲ್ಲ ಉರು ಹೊಡೆದು ಅವ್ವ, ಮನೆ, ಗಿಡಗಳನ್ನೇ ಮರೆತ ಈ ದಡ್ಡರ ಮಧ್ಯೆ ನಾನೊಬ್ಬಳೇ ಚುರುಕು ಎಂದು ನನಗೆ ಖಾತ್ರಿಯಾಯಿತು. ಅತ್ತೆಗೂ ಹಾಗೆಯೇ ಹೇಳಿದ್ದೆ. ಅವರು ಪಕ್ಕದ ಮನೆಯವರಿಗೆ ಹೇಳಿದ್ದರು.

ಮೇಷ್ಟ್ರಿಗೆ ಊರು ಇಟ್ಟ ಹೆಸರು ಎರಡಕ್ಷರದ ಮೇಷ್ಟ್ರು. ಕುಳ್ಳಗೆ, ಕಪ್ಪಗೆ, ಎರಡೂ ಜೇಬಿನಲ್ಲಿ ಸೀಮೆಸುಣ್ಣದ ತುಂಡು ತುಂಬಿಕೊಂಡು ಓಡಾಡುತ್ತಿದ್ದರು. ಎಂಥ ಬಟ್ಟೆ ಹಾಕಿದರೂ ಜೇಬಿನ ಹತ್ತಿರ ಬೆಳ್ಳಗೆ ಎರಡು ಮಚ್ಚೆ. ಮಾತು ಮಾತಿಗೆ ಪದದ ಅರ್ಥ ಕೇಳುತ್ತಿದ್ದರು, ಆದರೆ ಪುಸ್ತಕದ ಅರ್ಥ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಶುರುವಿನಲ್ಲಿ ಒಮ್ಮೆ ಡಬಲ್ ಓ ಕೊಟ್ಟಾಗ ಒಬ್ಬ ‘ಮೂನ್, ಶಶಿ’ ಎಂದ.

“ಕೂಸು ಅಳುವಾಗ ನಿಮ್ಮವ್ವ ಶಶಿ ತೋರಿಸ್ತಾಳೇನೋ?”

“ಇಲ್ಲ ಸಾರ್. ಚಂದಪ್ಪನ್ನ ತೋರಿಸ್ತಾಳೆ.”

“ಮತ್ತೆ? ಅರ್ಥ ಅಂದ್ರೆ ಮನೇಲಿ ತಿಳಿಯಂಗಿರಬೇಕು. ನಿಮ್ಮವ್ವಗೆ ತಿಳೀದಿದ್ರೆ ನಿಂಗೂ ತಿಳಿದಿಲ್ಲ ಅಂತ್ಲೇ ಲೆಕ್ಕ.”

ನಿಲ್ಲುವ ಕಾನೂನು ತಮಗೂ ಒಂದೇ. ಆ ದಿನಗಳಲ್ಲೇ ಒಮ್ಮೆ ಕೆ, ಎನ್ ಎಂದು ಬರೆದರು. ನೀ, ನೈಫ್, ನಾಟ್ ಎಂದು ಮುಂದಿನವರು ನಾಲ್ಕೈದು ಪದ ಹೇಳುವಷ್ಟರಲ್ಲಿ ಸರಕು ಮುಗಿದು ಇಡೀ ತರಗತಿ ಎದ್ದು ನಿಂತಿತು. ಮೇಷ್ಟ್ರು ತಲೆ ಕೆರೆದುಕೊಂಡರು. “ಬಡ ಎತ್ತು ಕೊಟ್ಟಿದ್ದು ನಂದೇ ತಪ್ಪು” ಎಂದು ತಮ್ಮ ಕುರ್ಚಿಯನ್ನು ಗೋಡೆಗೆ ತಳ್ಳಿ, ಪಾಠ ಮುಗಿಯುವವರೆಗೆ ನಮ್ಮೊಂದಿಗೆ ನಿಂತರು. ಅವರು ಯಾವಾಗಲೂ ನಿಂತೇ ಪಾಠ ಮಾಡುತ್ತಿದ್ದರಲ್ಲ ಎಂದು ನಮಗೆ ಹೊಳೆದದ್ದು ಗಂಟೆ ಹೊಡೆದ ಮೇಲೆ.

ಶಾಲೆಯಲ್ಲಿ ತೀರದ ಚಟ ಬೀದಿಯಲ್ಲೂ ನಡೆಯುತ್ತಿತ್ತು. ಸಂಜೆ ಮಹಬೂಬನ ಅಪ್ಪನ ಅಂಗಡಿಯ ಮುಂದೆ ನಿಂತು “ಇವತ್ತು ಟಿ ಟಿ, ಸಾಹೇಬ್ರೆ” ಎನ್ನುವರು. ಅವರು ತುಟಿಯಲ್ಲಿ ಗುಂಡಿ ಕಚ್ಚಿಕೊಂಡೇ “ಬಟನ್” ಎನ್ನುವರು. “ಅರ್ಥ?” ಎಂದರೆ ಬಾಯಿಂದ ತೆಗೆದು ತೋರಿಸುವರು. ಮಂಡಕ್ಕಿ ಹೋಟೆಲಿನವನು ಮಾತ್ರ ದೂರದಿಂದಲೇ ಇವರನ್ನು ಕಂಡು ಒಳಗೆ ಹೋಗಿ ಮಿರ್ಚಿ ಕರಿಯುವವನ ಹಿಂದೆ ನಿಲ್ಲುತ್ತಿದ್ದ.

ಇನ್ನೊಂದು ಅಭ್ಯಾಸವಿತ್ತು. ಯಾರ ಮನೆಯ ಮದುವೆಯಾಗಲಿ, ಮೇಷ್ಟ್ರು ಊಟಕ್ಕೆ ಕೂರುವುದು ಕೊನೆಯ ಪಂಕ್ತಿಗೆ. ಮನೆಯವರು ಕೈ ಹಿಡಿದು ಎಳೆದರೂ ಏಳುತ್ತಿರಲಿಲ್ಲ. ಅವರ ಹೆಂಡತಿ, ನಾವು ಅಮ್ಮೋರು ಎನ್ನುತ್ತಿದ್ದವರು, ಇದನ್ನು ಹೇಳಿ ಹೇಳಿ ನಗುತ್ತಿದ್ದರು, ಬೈಯುತ್ತಲೂ ಇದ್ದರು.

“ಇವರನ್ನ ಕಟ್ಕಂಡ ಮ್ಯಾಲೆ ನಾನು ಬಿಸಿ ಅನ್ನ ಅಂತ ತಿಂದಿದ್ದು ನಮ್ಮನೇಲಿ ಅಷ್ಟೇ ಕಣ್ರೇ. ಮದುವೆ ಮನೆ ಹೋಳಿಗೆ ನಾ ಕಣ್ಣಲ್ಲಿ ಕಂಡೀನಿ, ಬಾಯಲ್ಲಿ ಕಂಡಿಲ್ಲ.”

“ಅಡಿಗೆ ಹೆಂಗೈತೆ ಅಂತ ಮೊದಲನೇ ಪಂಕ್ತಿಯೋರಿಗೆ ಗೊತ್ತಾಗ್ತದೆ. ಮನೆ ಹೆಂಗೈತೆ ಅಂತ ಕೊನೇ ಪಂಕ್ತಿಯೋರಿಗೇ ಗೊತ್ತಾಗೋದು” ಎಂದು ಮೇಷ್ಟ್ರು ಒಳಗಿನಿಂದ ಉತ್ತರ ಕೊಡುವರು.

ಅಮ್ಮೋರ ಅಡಿಗೆಮನೆಯ ಮೂಲೆಯಲ್ಲಿ ಒಂದು ಗೋಣಿಮೂಟೆ ಇತ್ತು. ನಾಲ್ಕು ಜನ ಊಟಕ್ಕೆ ಬಂದರೆ ಬೇಕಾಗುವ ದೊಡ್ಡ ಪಾತ್ರೆಗಳ ಮೂಟೆ. ಜಗಳೂರಿನಲ್ಲಿ ಅದನ್ನು ಕಟ್ಟಿದ್ದು, ಆಮೇಲೆ ಬಿಚ್ಚಿರಲಿಲ್ಲ. ಮೇಷ್ಟ್ರಿಗೆ ಜಗಳೂರಿನಿಂದ ಚನ್ನಗಿರಿಗೆ ವರ್ಗವಾಯಿತು, ಚನ್ನಗಿರಿಯಿಂದ ನ್ಯಾಮತಿಗೆ, ನ್ಯಾಮತಿಯಿಂದ ಇಲ್ಲಿಗೆ. ಎಲ್ಲ ಕಡೆಯೂ ಒಂದೇ ದೂರು, ಈ ಮನುಷ್ಯ ಹಾಜರಿ ಕರೆಯುವುದರಲ್ಲೇ ಹೊತ್ತು ಕಳೆಯುತ್ತಾನೆ. “ಬಿಚ್ಚಿದ್ರೆ ಕಟ್ಟಬೇಕಾಗ್ತದೆ” ಎಂದು ಅಮ್ಮೋರು ಮೂಟೆಯನ್ನು ಮುಟ್ಟುತ್ತಿರಲಿಲ್ಲ. ಹೊನ್ನಾಳಿಯಲ್ಲಿ ಹಿತ್ತಲಿಗೆ ಹೀರೇಬಳ್ಳಿ ಹಬ್ಬಿಸಿದ್ದರು. ನಾವು ಹುಡುಗಿಯರು ಹೋದಾಗೆಲ್ಲ ಹೂವು ತೋರಿಸಿ, “ಕಾಯಿ ಬಿಡೋ ತನಕ ಆದ್ರೂ ಇಲ್ಲಿ ಇರ್ತೀವೇನ್ರೇ?” ಎಂದು ನಮ್ಮನ್ನೇ ಕೇಳುವರು.

ಆ ವರ್ಷ ನಮ್ಮ ಶಾಲೆಯ ಹೆಡ್ ಮಾಸ್ಟರೂ ಮೇಲಿನವರಿಗೆ ಬರೆದರು. ಅವರೇನೂ ಕೆಟ್ಟವರಲ್ಲ, ಗಡಿಯಾರ ನೋಡಿ ಬದುಕುವವರು. ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ, ಪದ್ಧತಿ ಸರಿಯಿಲ್ಲ ಅಂತ ಅವರು ಬರೆದರೆ ಮೇಷ್ಟ್ರಿಗೆ ಮತ್ತೆ ಜಗಳೂರು, ಎಂಬ ಸುದ್ದಿ ನಮ್ಮವರೆಗೂ ಬಂತು. ಅವರು ಬರುವ ಹಿಂದಿನ ದಿನ ಅಜ್ಜಪ್ಪ ಎದ್ದು ನಿಂತ.

“ಸಾರ್, ನಾಳೆ ಒಂದು ದಿನ ಪ್ರೆಸೆಂಟ್ ಸಾರ್ ಅಂದ್ಬಿಡ್ತೀವಿ.”

“ಯಾಕಪ್ಪ? ನಾಳೆ ನಿಂಗೆ ಪದ ಬರಲ್ವಾ?”

“ನಮಗೆ ಬರ್ತದೆ ಸಾರ್” ಎಂದು ಅವನು ಏನೋ ಹೇಳಲು ಹೋಗಿ ಕೂತುಬಿಟ್ಟ.

ಇನ್‌ಸ್ಪೆಕ್ಟರು ಬಂದರು. ಇಸ್ತ್ರಿ ಮುರಿಯದ ಬಟ್ಟೆ, ಕೈಯಲ್ಲೊಂದು ಚರ್ಮದ ಚೀಲ. ಹಿಂದಿನ ಬೆಂಚಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಹಾಜರಿಯ ಕ್ರಮವನ್ನೆಲ್ಲ ಕೇಳಿ ತಿಳಿದುಕೊಂಡರು. ಹೆಡ್ ಮಾಸ್ಟರು ಬಾಗಿಲಲ್ಲಿ ನಿಂತಿದ್ದರು.

“ಹೊತ್ತು ಹಿಡೀತದೆ ಅನ್ನೋದು ಹಾಗಿರಲಿ ಮೇಷ್ಟ್ರೇ. ಮುಂದಿನವರು ಇದ್ದಬದ್ದದ್ದು ಹೇಳಿಬಿಟ್ಟರೆ ಕೊನೆಯವರು ದಿನಾ ನಿಂತಿರಬೇಕಲ್ಲ. ಇದು ಪಾಠವೋ ಶಿಕ್ಷೆಯೋ? ಕೊನೆಯ ಹೆಸರು ಯಾರದು?”

ನಾನು ಎದ್ದು ನಿಂತೆ.

“ಇವಳು ಏನು ಹೇಳುತ್ತಾಳೋ ನೋಡೋಣ. ಇವಳು ನಿಂತರೆ ಈ ಆಟ ಇಲ್ಲಿಗೆ ನಿಂತಿತು ಅಂತ ತಿಳಿಯಿರಿ. ಅಕ್ಷರ ನಾನೇ ಕೊಡ್ತೀನಿ” ಎಂದು ಹೋಗಿ ಬೋರ್ಡಿನ ಮೇಲೆ ಎಸ್, ಎಚ್ ಎಂದು ಬರೆದರು.

ನನಗೆ ಸ್ವಲ್ಪವೂ ಭಯವಾಗಲಿಲ್ಲ. ಹೊಳೆ ದಂಡೆಯ ಹುಡುಗಿ ನಾನು, ‘ಫಿಶ್’ ನಾಲಿಗೆಯ ತುದಿಯಲ್ಲೇ ಇತ್ತು. ಈ ದಡ್ಡರಿಗೆ ಅದು ಹೊಳೆಯುವುದಿಲ್ಲ ಎಂಬ ನಂಬಿಕೆಯೂ ಇತ್ತು.

ಇನ್‌ಸ್ಪೆಕ್ಟರು ಸೀಮೆಸುಣ್ಣ ಇಟ್ಟು ಕೈ ಒರೆಸಿಕೊಂಡರು. “ಉದಾಹರಣೆಗೆ ನಾನೇ ಒಂದು ಹೇಳ್ತೀನಿ. ಫಿಶ್, ಮೀನು. ಇನ್ನು ನೀವು ಶುರು ಮಾಡಿ.”

ನನ್ನ ಮೀನು ಕೈ ತಪ್ಪಿ ಹೋಯಿತು. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆಯೇ. ಅವರು ಫಿಶ್ ಅಂದ ಕೂಡಲೇ ಇಡೀ ತರಗತಿಯ ತಲೆಗಳು ನನ್ನ ಕಡೆ ತಿರುಗಿದವು. ಅಜ್ಜಪ್ಪನ ಮುಖ ನನ್ನ ಮುಖಕ್ಕಿಂತ ಹೆಚ್ಚು ಬಿಳಿಚಿತ್ತು.

ಹಾಜರಿ ಶುರುವಾಯಿತು. ಅಜ್ಜಪ್ಪ ‘ಅಸ್ಟಾನಿಶ್, ಬೆರಗು ಬೀಳಿಸೋದು’ ಎಂದ. ಇನ್ನೊಬ್ಬ ‘ವ್ಯಾನಿಶ್, ಮಾಯ ಆಗೋದು’ ಎಂದ. ಮಹಬೂಬ್ ‘ಷಟರ್’ ಎಂದು ಅಂಗಡಿ ಬಾಗಿಲು ಎಳೆಯುವ ಹಾಗೆ ಮಾಡಿ ತೋರಿಸಿದ. ಹೆಸರುಗಳು ನನ್ನ ಕಡೆಗೆ ಬರುತ್ತಲೇ ಇದ್ದವು, ನನ್ನ ತಲೆಯಲ್ಲಿ ಮೀನೊಂದನ್ನು ಬಿಟ್ಟು ಬೇರೇನೂ ಈಜಲಿಲ್ಲ.

“ಹೊನ್ನಮ್ಮ” ಎಂದರು ಮೇಷ್ಟ್ರು. ಹೇಳಿ ಬೋರ್ಡಿನ ಕಡೆ ಮುಖ ಮಾಡಿ ನಿಂತರು. ಅವರ ಕೈ ಜೇಬಿನ ಸೀಮೆಸುಣ್ಣವನ್ನು ಹಿಸುಕುತ್ತಿತ್ತು.

ನಾನು ಸುತ್ತ ನೋಡಿದೆ. ಒಬ್ಬ ತನ್ನ ಅಂಗಿಯ ಚುಂಗು ಹಿಡಿದು ಎಳೆಯುತ್ತಿದ್ದ. ಒಬ್ಬ ಬೆಂಚಿನ ಕೆಳಗಿನಿಂದ ಕಾಲು ಚಾಚಿ ಇನ್ನೊಬ್ಬನ ಬೂಟು ಮುಟ್ಟಿ ತೋರಿಸುತ್ತಿದ್ದ. ನನ್ನ ಪಕ್ಕದ ಸರೋಜ ಬೆರಳಿನಿಂದ ಹಲ್ಲುಜ್ಜುತ್ತಿದ್ದಳು. ಮಹಬೂಬ್ ಪಕ್ಕದವನನ್ನು ಬೆಂಚಿನಿಂದ ಬೀಳುವ ಹಾಗೆ ತಳ್ಳುತ್ತಿದ್ದ. ಶರ್ಟ್, ಶೂ, ಬ್ರಷ್, ಪುಶ್. ಸುಲಭದ ಪದಗಳೆಲ್ಲ ಹಾಗೇ ಇದ್ದವು, ಒಂದೂ ಖರ್ಚಾಗಿರಲಿಲ್ಲ.

ಇನ್‌ಸ್ಪೆಕ್ಟರಿಗೂ ಕಣ್ಣಿತ್ತು. “ಏ, ನೀನು ಎದ್ದೇಳು” ಎಂದು ಅಜ್ಜಪ್ಪನನ್ನು ಎಬ್ಬಿಸಿದರು. “ನಿನಗೆ ಅಸ್ಟಾನಿಶ್ ಗೊತ್ತು, ಶರ್ಟ್ ಗೊತ್ತಿಲ್ವಾ?”

“ಗೊತ್ತೈತೆ ಸಾರ್.”

“ಮತ್ತೆ ಯಾಕೆ ಹೇಳಲಿಲ್ಲ?”

ಅಜ್ಜಪ್ಪ ಮೇಷ್ಟ್ರ ಬೆನ್ನು ನೋಡಿದ. ಬೆನ್ನು ತಿರುಗಲಿಲ್ಲ. “ಅದು ಹಿಂದಿನೋರಿಗೆ ಸಾರ್. ಹೊನ್ನಮ್ಮ ಅವರಕ್ಕನ ಮದುವೆಗೆ ಹೋಗಿದ್ಲಲ್ಲ, ಆಗ ಮೇಷ್ಟ್ರು ಹೇಳಿದ್ರು. ಮೊದಲನೇ ಪಂಕ್ತಿಯೋರೇ ಹೋಳಿಗೆ ಎಲ್ಲಾ ಬಡಿಸ್ಕಂಡ್ರೆ ಕೊನೇ ಪಂಕ್ತಿಗೆ ಏನು ಹಾಕ್ತೀರಿ ಅಂತ. ಅವತ್ತಿಂದ ಸುಲಭದ್ದು ಯಾರೂ ಮುಟ್ಟಲ್ಲ ಸಾರ್. ಯಾವ ಅಕ್ಷರ ಬಂದ್ರೂ ಇರಲಿ ಅಂತ ಮನೇಲಿ ಕಷ್ಟದ್ದು ಹುಡುಕ್ಕಂಡ್ ಬರ್ತೀವಿ. ಹೊಳೆ ದಂಡೆಯೋಳು, ಇವತ್ತು ಫಿಶ್ಶು ಹೊನ್ನಮ್ಮಂದು ಅಂತ ಎಲ್ರಿಗೂ ಗೊತ್ತಿತ್ತು. ಅದನ್ನ ನೀವೇ ಹೇಳಿಬಿಟ್ರಿ.”

ಅವ್ವ, ಮನೆ, ಗಿಡ ಎಲ್ಲವನ್ನೂ ಇವರು ನನಗಾಗಿ ಎತ್ತಿಟ್ಟಿದ್ದರು. ಅಳು ಬಂತು. ಅದರ ಹಿಂದೆಯೇ ಕೋಪವೂ ಬಂತು. ಇಷ್ಟು ದಿನ ನಾನು ತಿಂದದ್ದು ನನ್ನ ದುಡಿಮೆಯಲ್ಲ ಎಂದು ಗೊತ್ತಾದ ಮೇಲೆ ಇವತ್ತು ಮಾತ್ರ ಯಾರ ಅಂಗಿ, ಯಾರ ಬೂಟೂ ನನಗೆ ಬೇಡ ಅನ್ನಿಸಿತು. ಅವರ ಯಾರ ಮುಖವನ್ನೂ ನೋಡಬಾರದೆಂದು ಬೋರ್ಡಿನ ಕಡೆ ನೋಡಿದೆ. ಬೋರ್ಡಿನ ಮೇಲ್ತುದಿಯಲ್ಲಿ, ದಿನವೂ ಇರುವ ಜಾಗದಲ್ಲಿ, ವಿಷಯದ ಹೆಸರು ಬರೆದಿತ್ತು. ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಎತ್ತಿಟ್ಟೂ ಇರಲಿಲ್ಲ.

“ಇಂಗ್ಲಿಷ್ ಸಾರ್” ಎಂದೆ.

ಇನ್‌ಸ್ಪೆಕ್ಟರು ಬೋರ್ಡು ನೋಡಿದರು. “ಸರಿ. ಅರ್ಥ?”

ಅರ್ಥ! ಮನೆಯಲ್ಲಿ ಅವ್ವನಿಗೆ ತಿಳಿಯುವ ಹಾಗೆ ಹೇಳಬೇಕಲ್ಲ. ಅವ್ವನಿಗೆ ಇದನ್ನು ಹೇಗೆ ಹೇಳಲಿ ಎಂದು ಯೋಚಿಸಿದೆ.

“ನಂಗೆ ಬರದೇ ಇರೋದು ಸಾರ್.”

ಮೊದಲು ನಕ್ಕವರು ಬಾಗಿಲಲ್ಲಿದ್ದ ಹೆಡ್ ಮಾಸ್ಟರು. ಆಮೇಲೆ ತಡೆಯುವವರೇ ಇರಲಿಲ್ಲ. ಮಹಬೂಬ್ ತಳ್ಳಿ ಬೆಂಚಿನಿಂದ ಬಿದ್ದಿದ್ದ ಹುಡುಗ ನೆಲದ ಮೇಲೆ ಕೂತೇ ನಗುತ್ತಿದ್ದ. ಮೇಷ್ಟ್ರು ತಿರುಗಿದರು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಸುಣ್ಣ ಬಳಿದುಕೊಂಡಿದ್ದರು.

“ಕೂತ್ಕ” ಎಂದರು.

ಇನ್‌ಸ್ಪೆಕ್ಟರು ಹೊರಡುವಾಗ ಜಗಲಿಯಲ್ಲಿ ಮೇಷ್ಟ್ರ ಹತ್ತಿರ ನಿಂತದ್ದನ್ನು ಕಿಟಕಿಯ ಪಕ್ಕದವರೆಲ್ಲ ಕೇಳಿಸಿಕೊಂಡೆವು. “ನನ್ನ ಹೆಸರು ಅಕಾರದಿಂದ ರೀ. ಓದುವಷ್ಟು ಕಾಲವೂ ಮೊದಲು ಹೇಳಿ ಕೂತವನು ನಾನು. ಹಿಂದೆ ತಿರುಗಿ ನೋಡಿದ್ದೇ ಇಲ್ಲ” ಎಂದರು. ವರದಿಯಲ್ಲಿ ಏನು ಬರೆದರೋ ನಮಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟೇ, ಕೆಲವು ವಾರದ ಮೇಲೆ ಅಮ್ಮೋರು ಮೂಲೆಯ ಮೂಟೆಯನ್ನು ಬಿಚ್ಚಿದರು. ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕಲು ನಮ್ಮನ್ನೇ ಕರೆದರು. ಆ ಪಾತ್ರೆಗಳಲ್ಲೇ ಅನ್ನ, ಹೀರೇಕಾಯಿ ಪಲ್ಯ ಮಾಡಿ ಇಡೀ ತರಗತಿಗೆ ಊಟ ಹಾಕಿದರು.

ಮೇಷ್ಟ್ರು ಹೊನ್ನಾಳಿಯಲ್ಲೇ ನಿವೃತ್ತರಾದರು. ನಾನು ಇಂಗ್ಲಿಷಿನಲ್ಲಿ ಅಂಚಿಗೆ ಅಂಟಿಕೊಂಡು ಪಾಸಾಗಿ, ದಾದಿಯ ತರಬೇತಿ ಮುಗಿಸಿ ನ್ಯಾಮತಿಯ ಆಸ್ಪತ್ರೆ ಸೇರಿದೆ. ಹೊನ್ನಾಳಿಗೆ ಹೋದಾಗ ಬೀದಿಯಲ್ಲಿ ಸಿಕ್ಕರೆ ಮೇಷ್ಟ್ರು “ಏನವ್ವ, ಈಗ ಇಂಗ್ಲಿಷಿನ ಅರ್ಥ ಏನು?” ಎನ್ನುವರು. “ಅದೇ ಸಾರ್, ಬದಲಾಗಿಲ್ಲ” ಎನ್ನುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಮಲಗಿ ನರಳಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ. ಶಿವಗಣಾರಾಧನೆಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅಜ್ಜಪ್ಪ ಬಂದಿದ್ದ, ನೆತ್ತಿ ಬೋಳಾಗಿ ಹೆಸರಿಗೆ ತಕ್ಕ ಹಾಗೆ ಕಾಣುತ್ತಿದ್ದ. ಮಹಬೂಬ್ ಬಂದಿದ್ದ. ನಮಗೆ ಗುರುತಿಲ್ಲದವರೂ ಬಹಳ ಜನ ಇದ್ದರು, ಕೇಳಿದರೆ ಒಬ್ಬರು ಜಗಳೂರು, ಒಬ್ಬರು ಚನ್ನಗಿರಿ ಎಂದರು.

ಪೂಜೆ ಮುಗಿದು ಎಲೆ ಹಾಕಿದರು. ಮೇಷ್ಟ್ರ ಮಗ ಬಾಗಿಲಿಗೆ ಬಂದು “ಊಟಕ್ಕೆ ಏಳ್ರಿ” ಎಂದ. ಯಾರೂ ಏಳಲಿಲ್ಲ. ಜಗಳೂರಿನವರು ಚನ್ನಗಿರಿಯವರಿಗೆ “ನೀವು ನಡೀರಿ, ನಾವು ಆಮೇಲೆ ಕೂರ್ತೀವಿ” ಎಂದರು. ಚನ್ನಗಿರಿಯವರು “ನಮಗೇನೂ ಅವಸರ ಇಲ್ಲ, ನೀವು ದೂರದಿಂದ ಬಂದೋರು” ಎಂದರು. ನ್ಯಾಮತಿಯವರು ಬೇಕೆಂದೇ ಚಪ್ಪಲಿ ಹುಡುಕುತ್ತಿದ್ದರು. ಹೊನ್ನಾಳಿಯ ನಾವು ಗೋಡೆಗೆ ಒರಗಿ ಗಟ್ಟಿಯಾಗಿ ನಿಂತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೆಸರು ಗೊತ್ತಿಲ್ಲದಿದ್ದರೂ ಇವರೆಲ್ಲ ಯಾರು ಎಂದು ಆಗ ತಿಳಿಯಿತು. ಮೊದಲನೆಯ ಪಂಕ್ತಿಯ ಎಲೆಗಳೆಲ್ಲ ಖಾಲಿ, ಬಡಿಸುವವರು ಹೋಳಿಗೆಯ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು. ಅಂದು ಹುಣಸೆಹಣ್ಣು ಹಾಕಿ ತಿಕ್ಕಿದ್ದ ಪಾತ್ರೆ, ನನಗೆ ಗೊತ್ತಿದ್ದದ್ದೇ.

ಗದ್ದಲ ಕೇಳಿ ಅಮ್ಮೋರು ಒಳಗಿನಿಂದ ಬಂದರು. ಖಾಲಿ ಎಲೆ ನೋಡಿದರು, ನಮ್ಮನ್ನು ನೋಡಿದರು. ಅಷ್ಟು ದಿನದಿಂದ ಅತ್ತು ಸೋತ ಮುಖದಲ್ಲಿ ನಗು ಬಂತು.

“ನೋಡ್ರಿ, ಹೋದ ಊರಲ್ಲೆಲ್ಲಾ ಹಿಂಗೇ ಮಾಡಿಟ್ಟು ಹೋಗ್ಯಾರೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆಗಲ್ಲ ಬಿಡ್ರಿ. ಇವತ್ತು ಹಾಜರಿ ನಾನೇ ಕರೀತೀನಿ. ಹಿಂದಿನಿಂದ.”

ಅಮ್ಮೋರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಹೊನ್ನಮ್ಮ.”

ನಾನು ಗೋಡೆ ಬಿಟ್ಟು ಮುಂದೆ ಬಂದೆ. ಜನ್ಮದಲ್ಲಿ ಮೊದಲ ಸಲ ನನ್ನ ಹೆಸರು ಮೊದಲು ಬಂದಿತ್ತು. ನನಗಿಂತ ಮುಂಚೆ ಯಾರೂ ಏನೂ ಹೇಳಿರಲಿಲ್ಲ, ಜಗತ್ತಿನ ಪದಗಳೆಲ್ಲ ನನಗಾಗಿ ಹಾಗೇ ಉಳಿದಿದ್ದವು. ಬಾಯಿ ತೆರೆದೆ. ಒಂದೂ ಬರಲಿಲ್ಲ.

“ಕೂತ್ಕ” ಎಂದರು ಅಮ್ಮೋರು. ನಾನು ಹೋಗಿ ಮೊದಲನೆಯ ಎಲೆಯ ಮುಂದೆ ಕೂತೆ.